ನಾಯಿ ನನ್ನದು, ಕೋಳಿ ಅಮ್ಮನದು: ಒಂದೇ ತೋಟದಲ್ಲಿ ಎರಡನ್ನೂ ಸಾಕೋದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ, ಮೆಟ್ರೋದಲ್ಲಿ, ಕೊಟ್ಟಿಗೆಯಲ್ಲಿ ಹಾಲು ಕರೀತಾ, ಎಲ್ಲೇ ಕೂತು ಕೇಳ್ತಿದ್ರೂ ಸ್ವಾಗತ. ಮಾಮೂಲಾಗಿ ಇಲ್ಲಿ ನಾನು ದುಡ್ಡಿನ ವಿಷಯ ಮಾತಾಡ್ತೀನಿ. ಇಎಂಐ, ಎಸ್‌ಐಪಿ, ಕ್ರೆಡಿಟ್ ಕಾರ್ಡ್ ಬಿಲ್ಲು. ಇವತ್ತು ಕೋಳಿ ಮತ್ತು ನಾಯಿ. ನಗಬೇಡಿ, ಕೊನೆಗೆ ಲೆಕ್ಕಕ್ಕೇ ಬರ್ತೀನಿ. ಬಿ.ಕಾಂ ಓದಿದವರ ಬುದ್ಧಿ ಎಲ್ಲಿಗೆ ಹೋಗುತ್ತೆ ಹೇಳಿ.

ಹಿಂದಿನ ಒಂದು ಸಂಚಿಕೆಯಲ್ಲಿ ನಮ್ಮ ತೋಟದ ಮಾತು ಬಂದಾಗ ಹಿಂದುಗಡೆ ಹುಂಜ ಕೂಗಿದ್ದು, ನಾಯಿ ಬೊಗಳಿದ್ದು ಎರಡೂ ರೆಕಾರ್ಡ್ ಆಗಿತ್ತು. ಆಮೇಲೆ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ರಿ: "ನಾಯಿ ಇದ್ದ ಕಡೆ ಕೋಳಿ ಹೇಗೆ ಉಳಿಯುತ್ತೆ?" ಉತ್ತರ ನನಗೆ ಗೊತ್ತಿದೆ, ಆದ್ರೆ ಸುಲಭದಲ್ಲಿ ಗೊತ್ತಾಗಿದ್ದಲ್ಲ. ಒಂಬತ್ತು ಕೋಳಿ ಸತ್ತ ಮೇಲೆ ಗೊತ್ತಾಗಿದ್ದು. ಅಲ್ಲಿಂದಲೇ ಶುರು ಮಾಡ್ತೀನಿ.

ಆ ಭಾನುವಾರ

ನಮ್ಮದು ತಿಪಟೂರು ಕಡೆ ಒಂದೂವರೆ ಎಕರೆ ತೆಂಗಿನ ತೋಟ. ತೋಟದ ಮನೆಯಲ್ಲಿ ಅಪ್ಪ, ಅಮ್ಮ. ನಾನು ವಾರಕ್ಕೆ ನಾಲ್ಕು ದಿನ ಬೆಂಗಳೂರು, ಮೂರು ದಿನ ಊರು. ಅಮ್ಮ ಮೊದಲಿಂದಲೂ ನಾಟಿ ಕೋಳಿ ಸಾಕ್ತಾರೆ. ತೆಂಗಿನಕಾಯಿ ದುಡ್ಡು ಅಪ್ಪನ ಖಾತೆಗೆ ಹೋಗುತ್ತೆ, ಹಾಲಿನ ದುಡ್ಡು ಮನೆ ಖರ್ಚಿಗೆ ಹೋಗುತ್ತೆ. ಕೋಳಿ, ಮೊಟ್ಟೆ ಮಾರಿದ ದುಡ್ಡು ಮಾತ್ರ ಅಮ್ಮಂದು. ಅದನ್ನ ಯಾರೂ ಕೇಳಲ್ಲ. ಹಳ್ಳಿ ಕಡೆ ಎಷ್ಟೋ ಮನೆಯಲ್ಲಿ ಹೀಗೇ ಇರುತ್ತೆ, ನಿಮಗೂ ಗೊತ್ತು.

ನಮ್ಮ ಮನೆಯಲ್ಲಿ ಮೊದಲು ಕರಿಯ ಅಂತ ನಾಯಿ ಇತ್ತು. ಅಪ್ಪಟ ಊರ ನಾಯಿ. ಹನ್ನೊಂದು ವರ್ಷ ಬದುಕಿತ್ತು. ಕೋಳಿಪಿಳ್ಳೆಗಳು ಅದರ ಬೆನ್ನ ಮೇಲೆ ಹತ್ತಿ ಕೂತ್ರೂ ಕಣ್ಣು ಬಿಡ್ತಿರಲಿಲ್ಲ. ಮುಂಗುಸಿ ವಾಸನೆ ಬಂದ್ರೆ ಮಾತ್ರ ಬೇಲಿ ತನಕ ಓಡೋದು. ಅದು ವಯಸ್ಸಾಗಿ ಸತ್ತ ಮೇಲೆ ಮುಂಗುಸಿ, ಕಾಡುಬೆಕ್ಕಿಗೆ ರಾಜ್ಯ ಸಿಕ್ಕಂಗಾಯ್ತು. ಒಂದೇ ತಿಂಗಳಲ್ಲಿ ಎರಡು ಹೇಂಟೆಯ ಪಿಳ್ಳೆಗಳು ಖಾಲಿ. ಅಪ್ಪ ಫೋನ್ ಮಾಡಿ, "ಯಾವುದಾದ್ರೂ ನಾಯಿ ನೋಡು" ಅಂದ್ರು.

ಅದೇ ಟೈಮಲ್ಲಿ ಬೆಂಗಳೂರಲ್ಲಿ ನನ್ನ ಫ್ರೆಂಡ್ ಒಬ್ಬ ಮನೆ ಖಾಲಿ ಮಾಡ್ತಿದ್ದ. ಅವನ ಹತ್ರ ಮುಧೋಳ ಕ್ರಾಸ್ ನಾಯಿ, ಒಂದೂವರೆ ವರ್ಷ ವಯಸ್ಸು, ಹೆಸರು ಮಿಂಚು. ಹೊಸ ಮನೆ ಓನರ್ ನಾಯಿ ಬೇಡ ಅಂದಿದ್ರು. ನಾನು ತಂದೆ. ಕೋಳಿ ಕಾಯೋಕೆ ಅಂತಲೇ ತಂದೆ. ಇದು ನೆನಪಿರಲಿ.

ಮೂರನೇ ವಾರ, ಮಾರ್ಚ್ ತಿಂಗಳ ಒಂದು ಭಾನುವಾರ, ನೆಂಟರ ಮನೆ ಗೃಹಪ್ರವೇಶಕ್ಕೆ ಎಲ್ಲರೂ ಹೊರಟ್ವಿ. "ಪಾಪ, ಕಟ್ಟಿಹಾಕೋದು ಬೇಡ" ಅಂತ ಮಿಂಚನ್ನ ಬಿಟ್ಟು ಹೋಗಿದ್ದು ನಾನೇ. ಸಂಜೆ ನಾಲ್ಕೂವರೆಗೆ ವಾಪಸ್ ಬಂದಾಗ ತೋಟದ ತುಂಬಾ ಪುಕ್ಕ. ಹದಿನೇಳು ಕೋಳಿಯಲ್ಲಿ ಒಂಬತ್ತು ಸತ್ತಿದ್ವು. ಒಂದಕ್ಕೆ ಬೆನ್ನ ಮೇಲೆ ಹಲ್ಲಿನ ಗಾಯ. ಉಳಿದವು ಹಲಸಿನ ಮರದ ಮೇಲೆ. ಮಿಂಚು ಬಾಲ ಅಲ್ಲಾಡಿಸ್ಕೊಂಡು ನನ್ನ ಹತ್ರ ಓಡಿ ಬಂತು.

ನನ್ನ ತಲೆಗೆ ಹೊಳೆಯದೇ ಇದ್ದದ್ದು ಒಂದೇ: ಒಂಬತ್ತರಲ್ಲಿ ಒಂದನ್ನೂ ಅದು ತಿಂದಿರಲಿಲ್ಲ.

ಹೊಟ್ಟೆಗಲ್ಲ ಅಂದ್ರೆ ಮತ್ಯಾಕೆ?

ಅವತ್ತು ರಾತ್ರಿ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದ್ರು. "ರಕ್ತದ ರುಚಿ ಹತ್ತಿದೆ, ಇನ್ನು ಬಿಡಲ್ಲ." "ಸತ್ತ ಕೋಳಿನ ಅದರ ಕತ್ತಿಗೆ ಕಟ್ಟು, ಬುದ್ಧಿ ಬರುತ್ತೆ." "ಹೈವೇ ಹತ್ರ ಬಿಟ್ಟು ಬಾ." ಒಬ್ರಂತೂ ಮೆಲ್ಲಗೆ ವಿಷದ ಮಾತೂ ಆಡಿದ್ರು. ನಾನು ಆ ರಾತ್ರಿ ಹೈವೇ ಮಾತನ್ನ ನಿಜವಾಗ್ಲೂ ಯೋಚನೆ ಮಾಡಿದ್ದೆ. ಸುಳ್ಳು ಯಾಕೆ ಹೇಳಲಿ.

ಆಮೇಲೆ ಪಶು ವೈದ್ಯರೊಬ್ಬರ ಹತ್ರ ಕೂತು ಮಾತಾಡಿದೆ, ಓದಿದೆ. ತಿಳಿದದ್ದು ಇಷ್ಟು.

ನಾಯಿಗೆ ಬೇಟೆ ಅನ್ನೋದು ಒಂದೇ ಕೆಲಸ ಅಲ್ಲ, ಒಂದರ ಹಿಂದೆ ಒಂದು ಬರೋ ಮೆಟ್ಟಿಲುಗಳು. ಗಮನಿಸೋದು, ದಿಟ್ಟಿಸೋದು, ಹೊಂಚು ಹಾಕೋದು, ಅಟ್ಟಿಸ್ಕೊಂಡು ಹೋಗೋದು, ಹಿಡಿಯೋದು, ಕೊಲ್ಲೋದು, ಸೀಳೋದು, ತಿನ್ನೋದು. ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕಾಪಿಂಗರ್ ಇದನ್ನ ತುಂಬಾ ಚೆನ್ನಾಗಿ ವಿವರಿಸಿದ್ದಾರೆ. ತೋಳದಲ್ಲಿ ಈ ಸರಪಳಿ ಪೂರ್ತಿ ಇರುತ್ತೆ. ನಾಯಿಯಲ್ಲಿ ಮನುಷ್ಯರು ಸಾವಿರಾರು ವರ್ಷದಿಂದ ತಮಗೆ ಬೇಕಾದ ಮೆಟ್ಟಿಲನ್ನ ಗಟ್ಟಿ ಮಾಡಿದ್ದಾರೆ, ಬೇಡದ್ದನ್ನ ಮಂಕು ಮಾಡಿದ್ದಾರೆ. ಕುರಿ ಅಟ್ಟೋ ಬಾರ್ಡರ್ ಕೋಲಿಗೆ ದಿಟ್ಟಿಸೋದು, ಹೊಂಚೋದು, ಅಟ್ಟೋದು ಜಾಸ್ತಿ. ಕೊಲ್ಲೋದು ಕಮ್ಮಿ. ಮಂದೆ ಕಾಯೋ ತಳಿಗಳಿಗೆ ಅಟ್ಟೋ ಚಟವೇ ಕಮ್ಮಿ.

ಈಗ ನಮ್ಮ ಮುಧೋಳ ನಾಯಿ ನೋಡಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪನ್ನೇ ತಂದಿತ್ತು. ತೆಳು ಮೈ, ಉದ್ದ ಕಾಲು, ಚೂಪು ಕಣ್ಣು. ಇದು ಕಣ್ಣಿಂದ ನೋಡಿ ಬೆನ್ನಟ್ಟೋ ಬೇಟೆ ನಾಯಿ. ಓಡೋ ಮೊಲ ಕಂಡ್ರೆ ಅಟ್ಟೋಕೆ ಅಂತಲೇ ತಲೆತಲಾಂತರದಿಂದ ಬೆಳೆಸಿದ್ದು. ಅದಕ್ಕೆ ರೆಕ್ಕೆ ಬಡೀತಾ ಕೂಗಾಡ್ಕೊಂಡು ಓಡೋ ಕೋಳಿ ಅಂದ್ರೆ ಸ್ವಿಚ್ ಒತ್ತಿದ ಹಾಗೆ.

ಒಂದನ್ನ ಹಿಡೀತು. ಕೋಳಿ ಒದ್ದಾಡಿ ಸುಮ್ಮನಾಯ್ತು. ಸುಮ್ಮನಾದದ್ದು ಆಟಕ್ಕಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಓಡ್ತು. ಮತ್ತೆ ಸ್ವಿಚ್. ಒಂಬತ್ತು ಸಲ. ಹಸಿವು, ಸಿಟ್ಟು, ದ್ವೇಷ ಯಾವುದೂ ಇದರಲ್ಲಿಲ್ಲ. "ಹೊಟ್ಟೆ ತುಂಬಾ ಹಾಕಿದ್ರೆ ಕೋಳಿ ಮುಟ್ಟಲ್ಲ" ಅನ್ನೋ ನಂಬಿಕೆ ಅದಕ್ಕೇ ಕೆಲಸಕ್ಕೆ ಬರಲ್ಲ. ಮಿಂಚು ಅವತ್ತು ಬೆಳಿಗ್ಗೆ ಎರಡು ಮುದ್ದೆ ತಿಂದಿತ್ತು.

ಹಾಗಾದ್ರೆ ಕರಿಯ? ಅದಕ್ಕೂ ಹಲ್ಲಿತ್ತಲ್ಲ? ಇದಕ್ಕೆ ಉತ್ತರ ಅಮ್ಮನ ಹತ್ರ ಸಿಕ್ತು. ಕರಿಯ ನಮ್ಮನೆಗೆ ಬಂದಾಗ ನಲವತ್ತು ದಿನದ ಮರಿ. ಬಂದ ವಾರದಲ್ಲೇ ಪಿಳ್ಳೆಗಳ ಹತ್ರ ಮೂತಿ ಹಾಕೋಕೆ ಹೋಗಿ ತಾಯಿಕೋಳಿ ಹತ್ರ ಮೂಗಿಗೆ ಕುಕ್ಕಿಸ್ಕೊಂಡಿತ್ತಂತೆ. ನಾಯಿಮರಿಗೆ ಸುಮಾರು 3 ವಾರದಿಂದ 12 ವಾರದ ಒಳಗೆ ಏನೇನು ಕಾಣುತ್ತೋ ಅದನ್ನೆಲ್ಲ ಅದು "ಇದು ನಮ್ಮನೆಯದು" ಅಂತ ತಗೊಳ್ಳುತ್ತೆ. ಕುರಿಗಾಹಿಗಳ ನಾಯಿ ನೋಡಿ, ಮರಿಯಿಂದಲೇ ಕುರಿ ಹಟ್ಟಿಯಲ್ಲಿ ಬೆಳೆದಿರುತ್ತೆ. ಮಿಂಚು ಆ ವಯಸ್ಸಲ್ಲಿ ನೋಡಿದ್ದು ಮೂರನೇ ಮಹಡಿ ಬಾಲ್ಕನಿ, ಲಿಫ್ಟು, ಸ್ವಿಗ್ಗಿ ಹುಡುಗ್ರು. ಅದರ ಲೋಕದಲ್ಲಿ ಕೋಳಿ ಅನ್ನೋ ಸದಸ್ಯರೇ ಇರಲಿಲ್ಲ.

ತಳಿ ಒಂದು, ಮರಿಯಾಗಿದ್ದಾಗಿನ ಅಭ್ಯಾಸ ಇನ್ನೊಂದು. ಎರಡೂ ನಮ್ಮ ವಿರುದ್ಧ ಇದ್ವು. ಅಪ್ಪ ಕೇಳಿದ್ದು ಕರಿಯನಂಥ ನಾಯಿ. ನಾನು ತಂದದ್ದು ಓಟಗಾರನನ್ನ.

ನಾಯಿ ಕೋಳಿ ಕಾಯೋದು ಸಾಧ್ಯವೇ ಇಲ್ವಾ?

ಖಂಡಿತ ಸಾಧ್ಯ. ಒಂದು ಚೆಂದದ ಕತೆ ಆಸ್ಟ್ರೇಲಿಯಾದ ವಾರ್ನಂಬೂಲ್ ಊರಿಂದು. ಅಲ್ಲಿ ಮಿಡಲ್ ಐಲ್ಯಾಂಡ್ ಅಂತ ದಡಕ್ಕೆ ಅಂಟಿಕೊಂಡ ಹಾಗಿರೋ ಒಂದು ಪುಟ್ಟ ದ್ವೀಪ. ನೂರಾರು ಪುಟಾಣಿ ಪೆಂಗ್ವಿನ್‌ಗಳಿದ್ದವು. ಸಮುದ್ರ ಇಳಿದಾಗ ನರಿಗಳು ನಡ್ಕೊಂಡು ಹೋಗಿ ಹಿಡೀತಿದ್ವು. 2005ರ ಹೊತ್ತಿಗೆ ಪೆಂಗ್ವಿನ್ ಸಂಖ್ಯೆ 10ಕ್ಕಿಂತ ಕೆಳಗೆ ಬಂತು. ಆ ಊರಲ್ಲಿ ಒಬ್ಬ ಕೋಳಿ ಸಾಕೋ ರೈತ ತನ್ನ ಕೋಳಿಗಳನ್ನ ನರಿಯಿಂದ ಉಳಿಸೋಕೆ ಮರೆಮ್ಮಾ ತಳಿಯ ನಾಯಿಗಳನ್ನ ಇಟ್ಕೊಂಡಿದ್ದ. "ಕೋಳಿ ಕಾಯೋ ನಾಯಿ ಪೆಂಗ್ವಿನ್ ಕಾಯಲ್ವಾ?" ಅನ್ನೋ ಯೋಚನೆ ಬಂತು. 2006ರಲ್ಲಿ ಅವನ ಆಡ್‌ಬಾಲ್ ಅನ್ನೋ ನಾಯಿಯನ್ನ ದ್ವೀಪಕ್ಕೆ ಬಿಟ್ರು. ಪೆಂಗ್ವಿನ್‌ಗಳ ಸಂಖ್ಯೆ ಮತ್ತೆ ಏರಿತು. 2015ರಲ್ಲಿ ಅದರ ಮೇಲೆ ಸಿನಿಮಾನೇ ಬಂತು.

ಆದ್ರೆ ಗಮನಿಸಿ, ಮರೆಮ್ಮಾ ಇಟಲಿಯ ಮಂದೆ ಕಾಯೋ ತಳಿ. ಆ ಕೆಲಸಕ್ಕೇ ಬೆಳೆಸಿದ್ದು. ಈ ಕತೆ ಕೇಳಿ ದಪ್ಪ ಉಣ್ಣೆಯ ನಾಯಿ ತರೋಕೆ ಹೋಗಬೇಡಿ, ನಮ್ಮ ಬಿಸಿಲಿಗೆ ಪಾಪ. ನಮ್ಮ ತೋಟಕ್ಕೆ ಕರಿಯನಂಥ ಊರ ನಾಯಿಮರಿ ಸಾಕು, ಕೋಳಿಗಳ ಮಧ್ಯೆ ಬೆಳೀಬೇಕು ಅಷ್ಟೆ. ಅದರಲ್ಲೂ ಒಂದು ಎಚ್ಚರ: ಆರು ತಿಂಗಳಿಂದ ಒಂದೂವರೆ ವರ್ಷದ ತನಕ ಎಂಥ ಒಳ್ಳೇ ನಾಯಿನೂ ಹುಡುಗಾಟಕ್ಕೆ ಬೀಳುತ್ತೆ. ಆಟಕ್ಕೆ ಅಂತ ಹಿಡಿದು, ಆಟದಲ್ಲೇ ಕೊಲ್ಲುತ್ತೆ. "ಇಷ್ಟು ದಿನ ಸುಮ್ನಿತ್ತಲ್ಲ" ಅಂತ ಮೈಮರೆಯೋದು ಆ ವಯಸ್ಸಲ್ಲೇ.

ಮೊದಲು ಬೇಲಿ, ಆಮೇಲೆ ಪಾಠ

ನಾನು ಮಾಡಿದ ತಪ್ಪೇ ಇದು. ಮಿಂಚು ಒಳ್ಳೇದು ಅಂತ ನಂಬಿದ್ದೆ, ಬೇಲಿ ಇರಲಿಲ್ಲ. ಈಗ ಹೇಳೋ ವಿಷಯ ಪೂರ್ತಿ ಕೈಯಿಂದ ಮಾಡಿದ್ದು.

ಅಂಗಡಿಯಲ್ಲಿ ಕೋಳಿ ಬಲೆ ಅಂತ ಆರು ಮೂಲೆ ಕಣ್ಣಿನ ತೆಳು ತಂತಿ ಕೊಡ್ತಾರೆ. ಅದು ಕೋಳಿಯನ್ನ ಒಳಗೆ ಇಡುತ್ತೆ, ನಾಯಿಯನ್ನ ಹೊರಗೆ ಇಡಲ್ಲ. ನಾಯಿ ಹಲ್ಲಿಗೆ ಅದು ದಾರದ ಲೆಕ್ಕ. ವೆಲ್ಡ್ ಮೆಶ್ ತಗೊಳ್ಳಿ. ಕೆಳಗಿನ ಎರಡು ಅಡಿಗೆ ಅರ್ಧ ಇಂಚು ಕಣ್ಣಿಂದು ಹಾಕಿದ್ರೆ ಮುಂಗುಸಿ, ಇಲಿ, ಹಾವಿಗೂ ಕಷ್ಟ. ಎತ್ತರ ನಾವು ಆರು ಅಡಿ ಕೊಟ್ವಿ, ಯಾಕಂದ್ರೆ ಮುಧೋಳ ರಕ್ತಕ್ಕೆ ನಾಲ್ಕು ಅಡಿ ಒಂದು ಹಾರೇ ಅಲ್ಲ.

ನಾಯಿ ಮೇಲಿಂದ ಹಾರೋದಕ್ಕಿಂತ ಕೆಳಗಿಂದ ತೋಡೋದು ಜಾಸ್ತಿ. ಮೆಶ್ಶನ್ನ ಒಂದು ಅಡಿ ಮಣ್ಣೊಳಗೆ ಇಳಿಸಿ. ಕಲ್ಲು ನೆಲ ಆದ್ರೆ ಬೇಲಿಯ ಬುಡದಿಂದ ಹೊರಗಡೆಗೆ ಎರಡು ಅಡಿ ಅಗಲ ಮೆಶ್ ಹಾಸಿ, ಮೇಲೆ ಕಲ್ಲು ಹೇರಿ. ನಾಯಿ ಬೇಲಿ ಬುಡಕ್ಕೇ ಬಂದು ತೋಡುತ್ತೆ, ಅಲ್ಲಿ ಕಾಲಿಗೆ ತಂತಿ ಸಿಗುತ್ತೆ, ಬಿಟ್ಟು ಹೋಗುತ್ತೆ. ಎರಡು ಅಡಿ ಹಿಂದೆ ಹೋಗಿ ಸುರಂಗ ಶುರು ಮಾಡೋ ಪ್ಲ್ಯಾನಿಂಗ್ ಅದಕ್ಕಿಲ್ಲ.

ರಾತ್ರಿ ಗೂಡು ಬೇರೆ. ಕಲ್ಲುಕಂಬದ ಮೇಲೆ ಮೂರು ಅಡಿ ಎತ್ತರ, ಒಂದು ಕೋಳಿಗೆ ಸುಮಾರು 2 ಚದರ ಅಡಿ ಜಾಗ, ಒಳಗೆ ಕೂರೋಕೆ ಅಡ್ಡ ಕೋಲು. ಬಾಗಿಲಿಗೆ ತಿರುಗಿಸೋ ಚಿಲಕ ಸಾಲಲ್ಲ, ಕೊಂಡಿ ಇರೋ ಚಿಲಕ ಬೇಕು. ಬೇಲಿಗೂ ಹೊರಗಿಂದು ಒಂದು ಗೇಟು, ಒಳಗಿಂದು ಒಂದು. ಒಂದನ್ನ ಹಾಕದೆ ಇನ್ನೊಂದು ತೆಗೆಯಬಾರದು ಅನ್ನೋದು ಮನೆಯ ಕಾನೂನು. ನೆಂಟರ ಮಕ್ಕಳು ಬಂದಾಗ ಇದರ ಬೆಲೆ ಗೊತ್ತಾಗುತ್ತೆ.

ಪಾಠ ಹೇಗೆ?

ಬೇಲಿ ಆದ ಮೇಲೆ ಮಿಂಚಿನ ಪಾಠ. ಮೊದಲ ಎರಡು ವಾರ ಬೇಲಿಯಿಂದ ಇಪ್ಪತ್ತು ಅಡಿ ದೂರ, ಹಗ್ಗದಲ್ಲಿ. ಶುರು ಮಾಡೋ ಮುಂಚೆ ಚೆನ್ನಾಗಿ ಓಡಿಸಿ ಸುಸ್ತು ಮಾಡ್ತಿದ್ದೆ. ಅದು ಕೋಳಿ ನೋಡಿ, ಆಮೇಲೆ ತಾನಾಗಿ ನನ್ನ ಕಡೆ ತಿರುಗಿದ್ರೆ ತಕ್ಷಣ ಒಂದು ಪನೀರ್ ಚೂರು. ತಿರುಗದೆ ನೋಡ್ತಾನೇ ನಿಂತ್ರೆ ಬೈಯೋದಿಲ್ಲ, ಐದು ಹೆಜ್ಜೆ ಹಿಂದೆ ಕರ್ಕೊಂಡು ಹೋಗೋದು. ಅಷ್ಟು ಹತ್ರ ಅದಕ್ಕಿನ್ನೂ ಆಗ್ತಿಲ್ಲ ಅಂತ ಅರ್ಥ.

ನಾಯಿ ಮೈಯ ಭಾಷೆ ಓದೋದು ಕಲೀರಿ. ಬಾಯಿ ತೆರೆದು ಏದುಸಿರು ಬಿಡ್ತಾ, ಮೈ ಸಡಿಲವಾಗಿದ್ರೆ ಪರವಾಗಿಲ್ಲ. ಬಾಯಿ ಮುಚ್ಚಿ, ಕಿವಿ ನಿಮಿರಿ, ಮೈ ಬಿಗಿದು, ಒಂದು ಮುಂಗಾಲು ಎತ್ತಿ ನಿಂತ್ರೆ ಅದು ಹೊಂಚಿನ ಮೆಟ್ಟಿಲಲ್ಲಿದೆ. ಮುಂದಿನದು ಓಟ. ಓಡೋಕೆ ಶುರು ಮಾಡಿದ ಮೇಲೆ ಎಷ್ಟು ಕೂಗಿದ್ರೂ ಕಿವಿಗೆ ಬೀಳಲ್ಲ. ನಿಲ್ಲಿಸೋದಾದ್ರೆ ದಿಟ್ಟಿಸುವಾಗಲೇ ನಿಲ್ಲಿಸಬೇಕು.

ಮೂರನೇ ವಾರದಿಂದ ಬೇಲಿ ಹತ್ರ. ಎರಡನೇ ತಿಂಗಳಿಂದ ಮೂವತ್ತು ಅಡಿ ಹಗ್ಗ ಕಟ್ಟಿ ಒಳಗೆ, ಅದೂ ಕೋಳಿಗಳು ಮಧ್ಯಾಹ್ನ ನೆರಳಲ್ಲಿ ಮಣ್ಣು ಕೆದರಿ ಮಲಗಿರೋ ಹೊತ್ತಲ್ಲಿ. ಅತಿ ಕಷ್ಟದ ಪರೀಕ್ಷೆ ಬೆಳಿಗ್ಗೆ ರಾಗಿ ಚೆಲ್ಲುವಾಗ, ಎಲ್ಲ ಕೋಳಿ ಒಟ್ಟಿಗೆ ರೆಕ್ಕೆ ಬಡೀತಾ ಓಡಿ ಬರುತ್ತಲ್ಲ, ಅದು. ಅದಕ್ಕೆ ನಮಗೆ ಐದು ತಿಂಗಳು ಬೇಕಾಯ್ತು.

ಪಿಳ್ಳೆಗಳ ಹತ್ರ ಮಾತ್ರ ಇವತ್ತಿಗೂ ಬಿಡಲ್ಲ. ಎರಡು ನಾಯಿ ಇದ್ರೆ ಒಟ್ಟಿಗೆ ಪಾಠ ಮಾಡಬೇಡಿ, ಒಂದು ಓಡಿದ್ರೆ ಇನ್ನೊಂದೂ ಓಡುತ್ತೆ. ನಾಯಿ ತಟ್ಟೆ ಕೋಳಿಗೆ ಸಿಗೋ ಜಾಗದಲ್ಲಿ ಇಡಬೇಡಿ, ಕೋಳಿ ಕುಕ್ಕೋಕೆ ಬಂದಾಗ ತಟ್ಟೆ ಕಾಯೋ ನಾಯಿ ಕಚ್ಚುತ್ತೆ. ಮೊಟ್ಟೆ ಬೇಗ ಎತ್ತಿಡಿ. ಒಂದು ಸಲ ಮೊಟ್ಟೆ ಒಡೆದು ತಿನ್ನೋದು ಕಲಿತರೆ ಗೂಡಿಗೆ ನುಗ್ಗೋ ಕಾರಣ ಸಿಕ್ಕಂಗಾಯ್ತು. ಕೋಳಿ ಕೊಯ್ದಾಗ ಪುಕ್ಕ, ಕರುಳನ್ನ ಅಂಗಳದಲ್ಲೇ ನಾಯಿಗೆ ಎಸೆಯೋ ಅಭ್ಯಾಸ ಬಿಡಿ. ಬೇಯಿಸಿದ ಕೋಳಿ ಮೂಳೆನೂ ಬೇಡ, ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತೆ.

ಮಾಡಬಾರದ್ದು

ಸತ್ತ ಕೋಳಿಯನ್ನ ಕತ್ತಿಗೆ ಕಟ್ಟೋದು, ಸಂಜೆ ಬಂದು ಹೊಡೆಯೋದು, ಎರಡೂ ವ್ಯರ್ಥ. ಮಧ್ಯಾಹ್ನ ಮಾಡಿದ್ದಕ್ಕೆ ಸಂಜೆ ಹೊಡೆದ್ರೆ ನಾಯಿಗೆ ಅರ್ಥ ಆಗೋದು ನೀವು ಬಂದ್ರೆ ಏಟು ಬೀಳುತ್ತೆ ಅನ್ನೋದು ಮಾತ್ರ. ದಿನವಿಡೀ ಮೊಳದುದ್ದ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಬಿಟ್ಟ ದಿನ ಇನ್ನೂ ಹುಚ್ಚೆದ್ದು ಓಡುತ್ತೆ. ರಸ್ತೆಯಲ್ಲಿ ಬಿಟ್ಟು ಬರೋದು, ವಿಷ ಹಾಕೋದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಬಿಟ್ಟು ಬಂದ ನಾಯಿ ಇನ್ನೊಬ್ಬರ ಅಮ್ಮನ ಕೋಳಿ ಹತ್ರ ಹೋಗುತ್ತೆ.

ಆರೋಗ್ಯದ ಬಗ್ಗೆ ಎರಡೇ ಮಾತು. ತೋಟದ ನಾಯಿ ಮುಂಗುಸಿ ಜೊತೆ ಜಗಳಕ್ಕೆ ಬೀಳುತ್ತೆ, ಮುಂಗುಸಿಯಿಂದಲೂ ರೇಬೀಸ್ ಬರಬಹುದು. ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ. ಕೋಳಿಗೆ ಕೊಕ್ಕರೆ ರೋಗದ ಲಸಿಕೆ ತಪ್ಪಿಸಬೇಡಿ. ಎಷ್ಟೋ ಕಡೆ ನಾಯಿಗಿಂತ ಜಾಸ್ತಿ ಕೋಳಿ ತಿನ್ನೋದು ಆ ರೋಗವೇ. ನಾಯಿಯ ಉಣ್ಣೆಗೆ ತಂದ ಔಷಧಿಯನ್ನ ಕೋಳಿಗೂ ಬಳಿಯೋ ಜಾಣತನ ಬೇಡ. ನಾಯಿ ಕಚ್ಚಿದ ಕೋಳಿಗೆ ಗಾಯ ಸಣ್ಣದಾಗಿ ಕಂಡ್ರೂ ಒಳಗೆ ಆಳ ಇರುತ್ತೆ. ಉಪ್ಪುನೀರಲ್ಲಿ ತೊಳೆದು, ನೊಣ ಕೂರದ ಹಾಗೆ ಬೇರೆ ಬುಟ್ಟಿಯಲ್ಲಿ ಕತ್ತಲಲ್ಲಿಟ್ಟು, ಪಶು ವೈದ್ಯರಿಗೆ ತೋರಿಸಿ. ಪಶು ಆಂಬುಲೆನ್ಸ್ ಸಹಾಯವಾಣಿ 1962. ನಮ್ಮ ಗಾಯದ ಹೇಂಟೆ ಉಳೀತು, ಈಗಲೂ ಮೊಟ್ಟೆ ಇಡ್ತಿದೆ.

ಈಗ ಲೆಕ್ಕ

ಸತ್ತ ಒಂಬತ್ತು ಕೋಳಿಯನ್ನ ಸುಣ್ಣ ಹಾಕಿ ಆಳವಾಗಿ ಹೂತ್ವಿ. ಅಮ್ಮ ಬೈಯಲಿಲ್ಲ. ಒಳಗೆ ಹೋಗಿ ಹಳೇ ಡೈರಿ ತಂದು ಏನೋ ಬರೆದ್ರು. ಮಾರನೇ ದಿನ ನೋಡಿದೆ. ಕೋಳಿ ಲೆಕ್ಕದ ಪುಸ್ತಕ ಅದು. "9 ಹೋಯ್ತು" ಅಂತ ಅಷ್ಟೇ ಇತ್ತು, ಹೇಗೆ ಹೋಯ್ತು ಅಂತ ಇರಲಿಲ್ಲ. ನಾಲ್ಕು ಹಾಳೆ ಹಿಂದೆ ತಿರುವಿದ್ರೆ, "ಮೈಕಿಗೆ 2,500" ಅಂತ ಒಂದು ಸಾಲು. ನಾನು ಈ ಪಾಡ್‌ಕಾಸ್ಟ್ ಶುರು ಮಾಡಿದಾಗ ಮೈಕ್ ತಗೊಳ್ಳೋಕೆ ಸ್ವಲ್ಪ ಕಮ್ಮಿ ಬಿದ್ದಿತ್ತು, ಅಮ್ಮ ಕೊಟ್ಟಿದ್ರು. ಎಲ್ಲಿಂದ ಅಂತ ನಾನು ಕೇಳಿರಲಿಲ್ಲ.

ನಾನು ಕೂತು ಲೆಕ್ಕ ಹಾಕಿದೆ. ಒಂದು ಕೋಳಿಗೆ 450ರಂತೆ ಒಂಬತ್ತಕ್ಕೆ 4,050 ರೂಪಾಯಿ. ಅವುಗಳಲ್ಲಿ ಆರು ಮೊಟ್ಟೆ ಇಡ್ತಿದ್ವು. ನಾಟಿ ಕೋಳಿ ವರ್ಷಕ್ಕೆ ಸುಮಾರು 60 ಮೊಟ್ಟೆ ಅಂತಿಟ್ಕೊಳ್ಳಿ. ಪೂರ್ತಿ ವರ್ಷದ ಮೊಟ್ಟೆ ಸೇರಿಸಿದ್ರೆ ಡಬಲ್ ಕೌಂಟಿಂಗ್ ಆಗುತ್ತೆ, ಕೋಳಿ ಬೆಲೆಯಲ್ಲೇ ಮೊಟ್ಟೆ ಆಸೆಯೂ ಸೇರಿದೆ ಅಂತ ನಮ್ಮ ಕಾಸ್ಟಿಂಗ್ ಮೇಷ್ಟ್ರು ಹೇಳ್ತಿದ್ರು. ಆದ್ರೆ ಹೊಸ ಪಿಳ್ಳೆ ತಂದ್ರೆ ಮೊಟ್ಟೆ ಇಡೋಕೆ ಆರು ತಿಂಗಳು ಬೇಕು. ಆ ಆರು ತಿಂಗಳ 180 ಮೊಟ್ಟೆ, 12 ರೂಪಾಯಿಯಂತೆ 2,160. ಒಟ್ಟು ನಷ್ಟ 6,210.

ಬೇಲಿ, ಗೂಡು, ಗೇಟಿಗೆ ಆದ ಖರ್ಚು 14,600. ಕಲ್ಲುಕಂಬ ತೋಟದಲ್ಲೇ ಇದ್ವು, ಕೂಲಿ ನಾನು, ಅಪ್ಪ. ದುಬಾರಿ ಅನ್ಸುತ್ತೆ. ಆದ್ರೆ ಅದು ಎಂಟು ವರ್ಷ ಬಾಳಿದ್ರೆ ವರ್ಷಕ್ಕೆ 1,825. ಮೂರು ವರ್ಷಕ್ಕೊಂದು ಸಲ ಅಂಥ ಭಾನುವಾರ ತಪ್ಪಿದ್ರೂ ಬೇಲಿ ದುಡ್ಡು ಹುಟ್ಟಿತು. ಮುಂಗುಸಿ, ಕಾಡುಬೆಕ್ಕಿನ ಉಳಿತಾಯ ಇದರ ಮೇಲೆ. ಬೇಲಿ ದುಡ್ಡು ನಾನು ಕೊಟ್ಟೆ, ಕೋಳಿ ದುಡ್ಡನ್ನ ಅಮ್ಮನಿಗೆ ಬೇರೆ ಕೊಟ್ಟೆ. ಅವರು ಡೈರಿಯಲ್ಲಿ "ಬಂತು" ಅಂತ ಬರ್ಕೊಂಡ್ರು.

ಈಗ ಎರಡು ವರ್ಷ ಆಗಿದೆ. ಇಪ್ಪತ್ತಮೂರು ಕೋಳಿ ಇವೆ. ಮಿಂಚು ಬೇಲಿ ಹೊರಗೆ ಸುತ್ತು ಹಾಕುತ್ತೆ, ರಾತ್ರಿ ಗೂಡಿನ ಕೆಳಗೆ ಮಲಗುತ್ತೆ. ಮುಂಗುಸಿ ಈ ಕಡೆ ತಲೆ ಹಾಕಿಲ್ಲ. ಅಂದ್ರೆ ಯಾವ ಕೆಲಸಕ್ಕೆ ತಂದಿದ್ದೆನೋ ಅದನ್ನ ಮಾಡ್ತಿದೆ, ಬೇಲಿಯ ಹೊರಗಿಂದ. ನಾನು ಪಕ್ಕದಲ್ಲಿದ್ರೆ ಒಳಗೂ ಬರುತ್ತೆ, ರಾಗಿ ಚೆಲ್ಲಿದ್ರೂ ನನ್ನ ಮುಖ ನೋಡುತ್ತೆ. ಆದ್ರೆ ನಾನಿಲ್ಲದೆ ಒಂದು ನಿಮಿಷವೂ ಒಳಗೆ ಬಿಡಲ್ಲ. "ಇನ್ನೂ ನಂಬಿಕೆ ಬಂದಿಲ್ವಾ?" ಅಂತ ಕೇಳ್ತಾರೆ. ಮಿಂಚು ತುಂಬಾ ಒಳ್ಳೇ ನಾಯಿ. ಅವತ್ತೂ ಒಳ್ಳೇ ನಾಯಿನೇ ಆಗಿತ್ತು. ಅವತ್ತು ಇಲ್ಲದೇ ಇದ್ದದ್ದು ಚಿಲಕ.

ನಾಯಿ ತರೋ ಮುಂಚೆ ಮೆಶ್ ತನ್ನಿ. ನಿಮ್ಮ ತೋಟದಲ್ಲೂ ಇಂಥದ್ದೇನಾದ್ರೂ ಆಗಿದ್ರೆ ವಾಯ್ಸ್ ನೋಟ್ ಕಳಿಸಿ. ಅಮ್ಮನಿಗೂ ಕೇಳಿಸ್ತೀನಿ. ಮುಂದಿನ ವಾರ ಮತ್ತೆ ಇಎಂಐ ಕಡೆ ಹೋಗೋಣ. ನಮಸ್ಕಾರ.